ಸೂಜಿಯ ಮೇಲೆ ನನ್ನ ತಕರಾರಿಲ್ಲ

ನಿನ್ನೆ ಸಂಜೆಯಿಂದ ಮನಸ್ಸು ಕುದಿಯುತ್ತಿದೆ. ಮನಸ್ಸಿನಲ್ಲಿದ್ದುದನ್ನು ಹೇಳದೆ ಮಲಗಿದರೆ ನನಗೆ ನಿದ್ದೆ ಹತ್ತುವುದಿಲ್ಲ, ನಿದ್ದೆಗೆಟ್ಟರೆ ಬೆಳಗಾಗುವಷ್ಟರಲ್ಲಿ ಎಡಗಣ್ಣಿನ ಹಿಂದೆ ಅರೆತಲೆನೋವು ಬಂದು ಕೂರುತ್ತದೆ ಎಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಆದ್ದರಿಂದ ಉದ್ದವಾದರೂ ಎಲ್ಲವನ್ನೂ ಬರೆಯುತ್ತಿದ್ದೇನೆ.

ಆ ನೋವಿಗೆಂದು ನಾನು ಅಕ್ಯುಪಂಕ್ಚರ್, ಅಂದರೆ ಮೈಯ ಕೆಲವು ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ ಮಾಡಿಸಿಕೊಳ್ಳುತ್ತಿದ್ದೇನೆ. ನಿನ್ನೆ ಅದರ ಏಳನೆಯ ಸರದಿ. ನಾನು ಒಳಗೆ ಹೋಗುವಾಗ ಹೊರಗಿನ ಬೆಂಚಿನ ಮೇಲೆ ಜಗಳೂರು ಕಡೆಯ ಅಜ್ಜ ಒಬ್ಬರು ಸೊಸೆಯೊಂದಿಗೆ ಕುಳಿತಿದ್ದರು. ಎರಡು ವರ್ಷದಿಂದ ಅಂಗಾಲು ಜೋಮು ಹಿಡಿದಿದೆ, ಚಪ್ಪಲಿ ಕಳಚಿಬಿದ್ದರೂ ತಿಳಿಯುವುದಿಲ್ಲ ಎಂದು ಹೇಳಿಕೊಂಡರು. ಸೊಸೆಯ ತೊಡೆಯ ಮೇಲೆ ತಣ್ಣೀರಿನ ಥರ್ಮಾಸ್ ಒಂದಿತ್ತು. ಅದರೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಟ್ಟ, ಸಕ್ಕರೆ ಕಾಯಿಲೆಯ ಇನ್ಸುಲಿನ್ ಶೀಸೆ. ಬಸ್ಸಿನ ಸೆಕೆಗೆ ಔಷಧಿ ಕೆಡಬಾರದೆಂದು ಆ ಹೆಣ್ಣುಮಗಳು ಅದನ್ನು ಅಷ್ಟು ಜತನದಿಂದ ತಂದಿದ್ದಳು. ನಾನು ಮಂಚದ ಮೇಲೆ ಮಲಗಿ, ಮೈಯಲ್ಲಿ ಒಂಬತ್ತು ಸೂಜಿ ನಾಟಿಸಿಕೊಂಡಿದ್ದಾಗ ಪರದೆಯ ಆಚೆಯಿಂದ ಚಿಕಿತ್ಸಕರ ಮಾತು ಕೇಳಿಸಿತು: "ಅಜ್ಜಾರೆ, ಇನ್ನು ಆ ಇಂಜೆಕ್ಷನ್ ಬಿಟ್ಟುಬಿಡ್ರಿ. ಹತ್ತು ಸಲ ಬಂದು ಹೋಗ್ರಿ, ಸಕ್ಕರೆ ತಾನೇ ಹಿಡಿತಕ್ಕೆ ಬರ್ತದೆ."

ನನಗೆ ಏಳಲು ಆಗಲಿಲ್ಲ. ಕೈ ಎತ್ತಿದರೆ ಸೂಜಿ ಅಲುಗುತ್ತದೆ. ಮಲಗಿದಲ್ಲಿಂದಲೇ, "ಬಿಡಬೇಡ್ರಿ ಅಜ್ಜಾರೆ, ನಿಮ್ಮ ಡಾಕ್ಟರನ್ನ ಕೇಳದೆ ಬಿಡಬೇಡ್ರಿ" ಎಂದು ಕೂಗಿಬಿಟ್ಟೆ.

ಇದನ್ನು ಓದಿ ನಾನು ಅಕ್ಯುಪಂಕ್ಚರ್ ವಿರೋಧಿ ಎಂದು ಯಾರೂ ತಿಳಿಯಬಾರದು. ಎಪಿಎಂಸಿಯ ದಲ್ಲಾಲಿ ಮಂಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುವ ನನಗೆ ಅರೆತಲೆನೋವು ಹತ್ತೊಂಬತ್ತು ವರ್ಷದ ಸಂಗಾತಿ. ಅವ್ವ ಬದುಕಿರುವವರೆಗೆ ಶುಂಠಿ ತೇಯ್ದು ಹಣೆಗೆ ಪಟ್ಟು ಹಾಕಿ, ಹಳೆಯ ಸೀರೆಯ ಅಂಚಿನಿಂದ ತಲೆಯನ್ನು ಬಿಗಿದು ಕಟ್ಟುತ್ತಿದ್ದಳು. ಆಮೇಲೆ ನರರೋಗ ತಜ್ಞರು ನೋವು ಬಾರದಂತೆ ತಡೆಯಲು ಪ್ರೊಪ್ರಾನೊಲಾಲ್ ಎಂಬ ಮಾತ್ರೆ ಕೊಟ್ಟರು. ನೋವು ಕಡಿಮೆಯಾಯಿತು, ಆದರೆ ಸಾಕಾಗುವಷ್ಟಲ್ಲ. ಮುಂದೆ ಟೊಪಿರಮೇಟ್ ಎಂಬ ಇನ್ನೊಂದು ಮಾತ್ರೆ ಸೇರಿಸಿದರು. ಅದು ನೋವನ್ನು ಇಳಿಸಿದರೂ ಬೆರಳ ತುದಿಗಳಲ್ಲಿ ಜುಮುಜುಮು ಶುರುವಾಯಿತು, ನಾಲಿಗೆಯ ತುದಿಗೆ ಬಂದ ಹೆಸರು ಮರೆತುಹೋಗತೊಡಗಿತು, ಒಮ್ಮೆ ಮೆಕ್ಕೆಜೋಳದ ರೈತರೊಬ್ಬರ ಚೀಟಿಯಲ್ಲಿ ನಾನು ಕೂಡುವ ಲೆಕ್ಕವನ್ನೇ ತಪ್ಪಿದೆ. ಆ ಮಾತ್ರೆಯ ಪರಿಣಾಮ ಕೆಲವರಿಗೆ ಹೀಗೆಯೇ ಆಗುತ್ತದೆಂದು ವೈದ್ಯರೇ ಹೇಳಿ ಅದನ್ನು ನಿಲ್ಲಿಸಿದರು. ಲೆಕ್ಕ ಬರೆದು ಅನ್ನ ತಿನ್ನುವವನಿಗೆ ಅದಕ್ಕಿಂತ ದೊಡ್ಡ ಭಯ ಬೇರೆ ಇಲ್ಲ. ಅಕ್ಯುಪಂಕ್ಚರ್ ಬಾಗಿಲಿಗೆ ನಾನು ಹೋದದ್ದು ಅದಾದ ಮೇಲೆ.

ಮೊದಲ ದಿನ ಕೈ ಬೆವರಿತ್ತು. ಇಂಜೆಕ್ಷನ್ ಸೂಜಿ ಔಷಧಿ ಹರಿಯಲೆಂದು ಟೊಳ್ಳಾಗಿರುತ್ತದೆ. ಇದು ಗಟ್ಟಿ ಉಕ್ಕಿನ ಎಳೆ, ದಪ್ಪ ಸುಮಾರು ಕಾಲು ಮಿಲಿಮೀಟರ್. ಒಮ್ಮೆ ಮಾತ್ರ ಬಳಸುವ ಸೂಜಿಯ ಪೊಟ್ಟಣವನ್ನು ನನ್ನ ಕಣ್ಣೆದುರಿಗೇ ಹರಿದರು, ಅಷ್ಟರಮಟ್ಟಿಗೆ ಅವರ ಶುಚಿತ್ವವನ್ನು ಒಪ್ಪಲೇಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬುವ ಸ್ನಾಯುವಿನ ಮೇಲೆ ಸಣ್ಣ ಕೊಳವೆಯನ್ನಿಟ್ಟು ಬೆರಳಿನಿಂದ ತಟ್ಟಿದರು. ಚುಚ್ಚಿದ್ದು ಗೊತ್ತಾಗಲೇ ಇಲ್ಲ. ಮರುಕ್ಷಣ ಸೂಜಿಯನ್ನು ತುಸು ತಿರುಗಿಸಿದಾಗ ಮಾತ್ರ ಒಳಗೆ ಒಂದು ಭಾರವಾದ, ಮಂದವಾದ ನೋವು ಏಳುತ್ತ ಮಣಿಕಟ್ಟಿನವರೆಗೆ ಹರಡಿತು. ಒದ್ದೆ ಗೋಣಿಚೀಲವನ್ನು ಕೈಮೇಲೆ ಇಟ್ಟಂತೆ. ಆ ಭಾರ ಬಂದರೇನೇ ಸೂಜಿ ಸರಿಯಾದ ಜಾಗದಲ್ಲಿ ಕೂತಿದೆ ಎಂದು ಲೆಕ್ಕ ಎಂದರು. ಕಾಲಿನ ಹೆಬ್ಬೆರಳ ಸಂದಿಯಲ್ಲಿ, ಕುತ್ತಿಗೆಯ ಹಿಂದೆ ತಲೆಬುರುಡೆ ಮುಗಿಯುವಲ್ಲಿ, ಕಣ್ಣಿನ ಪಕ್ಕದ ಕಣತಲೆಯಲ್ಲಿ ಒಂದೊಂದಾಗಿ ನಾಟಿಸಿ, ದೀಪ ಆರಿಸಿ, ಇಪ್ಪತ್ತೈದು ನಿಮಿಷ ಹಾಗೆಯೇ ಬಿಟ್ಟರು. ಮಂಡಿಯ ಗದ್ದಲದಲ್ಲಿ ದುಡಿಯುವ ನಾನು ಹಗಲು ಹೊತ್ತಿನಲ್ಲಿ ಅಷ್ಟು ಹೊತ್ತು ಕಣ್ಣುಮುಚ್ಚಿ ಮಲಗಿದ್ದು ಎಷ್ಟು ವರ್ಷವಾಗಿತ್ತೋ.

ನನ್ನ ತಲೆನೋವಿಗೂ ಒಂದು ಖಾತೆಯಿದೆ. ನೋವು ಬಂದ ದಿನ, ನುಂಗಿದ ಮಾತ್ರೆ, ಮಲಗಿದ ಹೊತ್ತು ಎಲ್ಲವನ್ನೂ ಬರೆದಿಡುತ್ತೇನೆ. ಅಕ್ಟೋಬರ್‌ನಲ್ಲಿ 11 ದಿನ, ನವೆಂಬರ್‌ನಲ್ಲಿ 12, ಡಿಸೆಂಬರ್‌ನಲ್ಲಿ 10. ಸೂಜಿ ಶುರುವಾದ ಜನವರಿಯಲ್ಲಿ 6. ಇದನ್ನು ನೋಡಿ ನನ್ನ ಹೆಂಡತಿ ಗುಡಿಗೆ ಹೋಗಿ ದುಗ್ಗಮ್ಮ ದೇವಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ನಾನೂ ಸಂತೋಷಪಟ್ಟೆ. ಆದರೆ ಮೆಕ್ಕೆಜೋಳದ ಸುಗ್ಗಿ ಮುಗಿದು ಮಂಡಿಯಲ್ಲಿ ಧೂಳು ತಗ್ಗಿದ್ದೂ, ನಾನು ಹೊತ್ತಿಗೆ ಸರಿಯಾಗಿ ಊಟ ಮಾಡತೊಡಗಿದ್ದೂ ಅದೇ ತಿಂಗಳು ಎಂಬುದನ್ನು ಲೆಕ್ಕದಿಂದ ಬಿಡಲು ನನ್ನ ಕಸುಬು ಒಪ್ಪುವುದಿಲ್ಲ.

ಈಗಷ್ಟೇ ಎಂಬಿಬಿಎಸ್ ಮುಗಿಸಿರುವ ಅಕ್ಕನ ಮಗ, "ಮಾವ, ಅದೆಲ್ಲ ಬರೀ ನಂಬಿಕೆ" ಎಂದು ತಳ್ಳಿಹಾಕಿದ. ಅವನ ಮಾತನ್ನೂ ಪೂರ್ತಿ ಒಪ್ಪಲಾರೆ. ಅರೆತಲೆನೋವಿನ (ಮೈಗ್ರೇನ್) ತಡೆಗೆ ಅಕ್ಯುಪಂಕ್ಚರ್ ಉಪಯೋಗವಾಗುತ್ತದೆಯೇ ಎಂದು 2016ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 22 ಪ್ರಯೋಗಗಳನ್ನು, ಸುಮಾರು 5,000 ರೋಗಿಗಳ ವಿವರಗಳನ್ನು ಒಟ್ಟಿಗೆ ತೂಗಿ ನೋಡಿದ್ದಾರೆ. ಸೂಜಿ ಚಿಕಿತ್ಸೆ ಪಡೆದ ನೂರು ಜನರಲ್ಲಿ 41 ಮಂದಿಗೆ ನೋವಿನ ದಿನಗಳು ಅರ್ಧಕ್ಕೆ ಇಳಿದವು; ಅದನ್ನು ಪಡೆಯದವರಲ್ಲಿ ಹಾಗಾದದ್ದು 17 ಮಂದಿಗೆ. ಸರಿಯಾದ ಬಿಂದುಗಳಿಗೆ ಚುಚ್ಚಿಸಿಕೊಂಡವರನ್ನೂ ಬೇರೆಡೆ ಚುಚ್ಚಿಯೋ ಚುಚ್ಚಿದಂತೆ ನಟಿಸಿಯೋ ಮಾಡುವ ಹುಸಿ ಚಿಕಿತ್ಸೆ ಪಡೆದವರನ್ನೂ ಹೋಲಿಸಿದಾಗ ಮಾತ್ರ ಆ ಅಂತರ ಕುಗ್ಗಿತು: ನೂರಕ್ಕೆ ಮೊದಲಿನವರಲ್ಲಿ 50 ಮಂದಿ, ಎರಡನೆಯವರಲ್ಲಿ 41 ಮಂದಿ. ಅಂತರ ಸಣ್ಣದು, ಆದರೆ ಇದೆ. ಪ್ರೊಪ್ರಾನೊಲಾಲ್ ಮತ್ತು ಟೊಪಿರಮೇಟ್ ಎರಡೂ ಒಗ್ಗದಿದ್ದವರಿಗೆ ಐದರಿಂದ ಎಂಟು ವಾರಗಳಲ್ಲಿ ಗರಿಷ್ಠ ಹತ್ತು ಸರದಿ ಸೂಜಿ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಮಾರ್ಗಸೂಚಿಯೇ 2012ರಲ್ಲಿ ಹೇಳಿದೆ. ಅಂದರೆ ನನ್ನಂಥವರಿಗೆ ಇದು ಮರ್ಯಾದೆಯಿಂದ ಹಿಡಿಯಬಹುದಾದ ದಾರಿ.

ಇಷ್ಟು ಮರ್ಯಾದೆಯ ವಿದ್ಯೆಯನ್ನು ಆ ಚಿಕಿತ್ಸಾಲಯದ ಬಾಗಿಲ ಮೇಲಿನ ಬೋರ್ಡು ಹಾಳು ಮಾಡುತ್ತಿದೆ ಎಂಬುದೇ ನನ್ನ ಸಂಕಟ. ಸಕ್ಕರೆ ಕಾಯಿಲೆ, ಥೈರಾಯ್ಡ್, ಮೂತ್ರಪಿಂಡದ ವೈಫಲ್ಯ, ಬಂಜೆತನ, ಪಾರ್ಶ್ವವಾಯು, ಕೊನೆಗೆ ಕ್ಯಾನ್ಸರ್ ಕೂಡ ಅದರಲ್ಲಿದೆ. "ಔಷಧಿ ಇಲ್ಲದೆ ಶಾಶ್ವತ ಪರಿಹಾರ" ಎಂದು ಕೆಂಪಕ್ಷರ. ತಲೆನೋವು, ಮಂಡಿನೋವು, ಸೊಂಟನೋವು ಎಂದಷ್ಟೇ ಬರೆದಿದ್ದರೆ ಏನು ಕಡಿಮೆಯಾಗುತ್ತಿತ್ತು? ಅದೇ ಕೋಣೆಯ ಗೋಡೆಯ ಮೇಲೆ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸರ ಚಿತ್ರ ತೂಗುಹಾಕಿದ್ದಾರೆ. 1938ರಲ್ಲಿ ಯುದ್ಧದ ಗಾಯಾಳುಗಳ ಶುಶ್ರೂಷೆಗೆಂದು ಚೀನಾಕ್ಕೆ ಹೋಗಿ 1942ರಲ್ಲಿ ಅಲ್ಲಿಯೇ ತೀರಿಕೊಂಡ ಶಸ್ತ್ರವೈದ್ಯರು ಅವರು. ಅವರ ಜೊತೆಗೆ ಹೋಗಿದ್ದ ಡಾ. ಬಿ. ಕೆ. ಬಸು ಮುಂದೆ ಮತ್ತೊಮ್ಮೆ ಚೀನಾಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು 1959ರಲ್ಲಿ ಕೋಲ್ಕತ್ತಕ್ಕೆ ತಂದರು. ಇಬ್ಬರೂ ಆಧುನಿಕ ವೈದ್ಯಶಾಸ್ತ್ರ ಓದಿದವರು. ಅಂಥವರ ಚಿತ್ರದ ಕೆಳಗೆ ಕುಳಿತು ಇನ್ಸುಲಿನ್ ಬಿಡು ಎಂದು ಹೇಳಲು ಬಾಯಿ ಹೇಗೆ ಬರುತ್ತದೆ? 1922ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಕೊಡುವ ಮುಂಚೆ ಅದು ಬೇಕಾಗಿದ್ದ ಮಕ್ಕಳು ಕಣ್ಣೆದುರೇ ಒಣಗಿ ಸಾಯುತ್ತಿದ್ದರು. ಈ ಅಜ್ಜನಿಗಂತೂ ಅಂಗಾಲಿನ ಸ್ಪರ್ಶವೇ ಹೋಗಿದೆ. ಸಕ್ಕರೆ ಏರಿ, ಮುಳ್ಳು ತುಳಿದ ಗಾಯ ಕೊಳೆತರೆ ಕಾಲೇ ಹೋಗುತ್ತದೆ.

ದೊಡ್ಡ ಆಸ್ಪತ್ರೆಗಳವರು ಮಾತ್ರ ಸಾಚಾಗಳೇ, ಬೇಡದ ಸ್ಕ್ಯಾನ್ ಬರೆದುಕೊಡುವುದಿಲ್ಲವೇ ಎಂದು ನೀವು ಕೇಳಬಹುದು. ಬರೆದುಕೊಡುತ್ತಾರೆ, ಅದರ ನೋವನ್ನು ನಾನೂ ಉಂಡಿದ್ದೇನೆ. ಆದರೆ ಅಲ್ಲಿ ನಡೆಯುವ ಅನ್ಯಾಯ ಇಲ್ಲಿಯ ಅಜ್ಜನ ಸಕ್ಕರೆಯನ್ನು ಇಳಿಸುವುದಿಲ್ಲ. ಈ ವಾದವನ್ನು ಮುಂದಿಟ್ಟುಕೊಂಡು ಯಾರೂ ಬರಬೇಡಿ.

ಈಗ ಮನೆಯಲ್ಲಿ ಕೂಡ ಹೇಳದ ಒಂದು ಮಾತು. ಮೂರನೆಯ ಸರದಿ ಮುಗಿದಾಗ ಔಷಧಿ ಬಿಡುವ ಇದೇ ಸಲಹೆಯನ್ನು ಆ ಚಿಕಿತ್ಸಕರು ನನಗೂ ಕೊಟ್ಟಿದ್ದರು. ಇಷ್ಟೆಲ್ಲ ಓದಿಕೊಂಡಿರುವ ನಾನು ಅದನ್ನು ನಂಬಿ ಪ್ರೊಪ್ರಾನೊಲಾಲ್ ಮಾತ್ರೆಯನ್ನು ಅಂದೇ ನಿಲ್ಲಿಸಿದೆ. ಮೊದಲ ಸಲ ಹಗುರವಾಗಿದ್ದೆನಲ್ಲ, ಆ ಹಗುರದ ಆಸೆಗೆ ಸೋತೆ. ನಾಲ್ಕನೆಯ ದಿನ ಮಂಡಿಯಲ್ಲಿ ಎದೆ ಹೇಗೆ ಹೊಡೆದುಕೊಂಡಿತೆಂದರೆ ಲೆಕ್ಕದ ಪುಸ್ತಕದ ಮೇಲೆ ಇಟ್ಟ ಕೈ ಅದುರುತ್ತಿತ್ತು. ಅಂದು ರಾತ್ರಿ ಬಂದ ತಲೆನೋವು ಎರಡು ದಿನ ಏಳಗೊಡಲಿಲ್ಲ. ವರ್ಷಗಟ್ಟಲೆ ತಿಂದ ಆ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದು, ಮೆಲ್ಲಮೆಲ್ಲಗೆ ಇಳಿಸುತ್ತ ಬರಬೇಕು ಎಂದು ನಮ್ಮ ವೈದ್ಯರು ಬೈದು ಮತ್ತೆ ಶುರುಮಾಡಿಸಿದರು. ಜನವರಿಯ ಆ ಆರು ದಿನಗಳಲ್ಲಿ ಎರಡು ನಾನೇ ತಂದುಕೊಂಡದ್ದು. ಅಂದೇ ಹೋಗಿ ಚಿಕಿತ್ಸಕರನ್ನು ಕೇಳಬೇಕಿತ್ತು. ಸಂಕೋಚಪಟ್ಟು ಸುಮ್ಮನಿದ್ದೆ, ಮುಂದಿನ ಸರದಿಗೆ ಏನೂ ಆಗದವನಂತೆ ಹೋಗಿ ಮಲಗಿದೆ. ನಾನು ಅಂದು ಬಾಯಿ ಬಿಟ್ಟಿದ್ದರೆ ನಿನ್ನೆ ಆ ಅಜ್ಜನಿಗೆ ಅವರು ಹಾಗೆ ಹೇಳಲು ಹಿಂಜರಿಯುತ್ತಿದ್ದರೋ ಏನೋ.

ನಿನ್ನೆ ಸೂಜಿ ತೆಗೆಯುವಾಗ ಅವರ ಮುಖ ಬಿಗಿದಿತ್ತು. "ನಿಮಗೆ ಗುಣ ಕಾಣ್ತಿದೆಯಲ್ಲ, ಬೇರೆಯವರ ವಿಷಯ ನಿಮಗ್ಯಾಕೆ?" ಎಂದರು. ನನ್ನ ಮಾತ್ರೆಯ ಕಥೆಯನ್ನು ಅಲ್ಲಿಯೇ ಪೂರ್ತಿ ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಇನ್ನು ಮೂರು ಸರದಿ ಉಳಿದಿವೆ. ಬರಬೇಡ ಎನ್ನದಿದ್ದರೆ ಹೋಗುತ್ತೇನೆ, ಹೋದಾಗಲೆಲ್ಲ ಆ ಬೋರ್ಡಿನ ಮಾತು ಎತ್ತುತ್ತೇನೆ.

ಹೊರಗೆ ಬಂದಾಗ ಸೊಸೆಯ ಬಳಿ ಫೋನ್ ನಂಬರ್ ಕೇಳಿ ಪಡೆದಿದ್ದೆ. ಇವತ್ತು ಬೆಳಿಗ್ಗೆ ಎಂಟಕ್ಕೆ ಮಾಡಿದೆ. "ಮಾವ ಬ್ಯಾಡ ಅಂತ ಹಟ ಮಾಡಿದ್ರು ಅಣ್ಣಾರೆ, ನಾನೇ ಜೋರು ಮಾಡಿ ಹಾಕಿದೆ. ನಾಳೆ ಏನು ಮಾಡ್ತಾರೋ" ಎಂದಳು. ನಾಳೆ ಎಂಟಕ್ಕೆ ಮತ್ತೆ ಮಾಡುತ್ತೇನೆಂದು ಹೇಳಿದ್ದೇನೆ.