ಯಾವ ಕರುಳಿನ ಚೀಲ ಅಂತ ಮೊದಲ ಕೇಳ್ರಿ, ಆಮ್ಯಾಲ ಡಬ್ಬಿ ಬಿಚ್ಚರಿ

ಅಲ್ರೀ, ಆಪರೇಷನ್ ಆಗಿ ಇನ್ನೂ ಎಂಟು ದಿನ ಆಗಿಲ್ಲ. ಹೊಟ್ಟಿ ಮ್ಯಾಲ ಇಲಿಯೋಸ್ಟಮಿ ಚೀಲ, ಸಣ್ಣ ಕರುಳಿಂದ ಬರೋ ಮಲ ತುಂಬಿಕೊಳ್ಳೋದು. ಅಂಥವರ ಮುಂದ ಇವತ್ತ ಬಾಗಲಕೋಟಿ ದವಾಖಾನಿಯೊಳಗ ಬೀಗರು ಬಿಚ್ಚಿದ ಡಬ್ಬಿಯಾಗ ಏನಿತ್ತು ಗೊತ್ತೇನು? ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮ್ಯಾಲ ಅಮೀನಗಡ ಕರದಂಟು. "ತಿನ್ನೋ ತಮ್ಮಾ, ಶಕ್ತಿ ಬರತೈತಿ." ಬಾಜೂಕ ಕೊಲೊಸ್ಟಮಿ (ದೊಡ್ಡ ಕರುಳಿನ ಚೀಲ) ಆಗಿ ಮೂರು ತಿಂಗಳಾದ ಹಿರ್ಯಾರು ತಪಾಸಣಿಗಿ ಬಂದು ಕುಂತಾರ, ಅವರಿಗೆ ಮನ್ಯಾಗ ಇನ್ನೂ ಬರೇ ಗಂಜಿ. ಎರಡೂ ಡಬ್ಬಿ ಅದಲು ಬದಲು ಮಾಡಿದ್ರರ ಪಾಡಿತ್ತು!

"ಚೀಲ ಹಚ್ಚ್ಯಾರಂತ" ಅಂದಕೂಡ್ಲೆ ನಮ್ಮ ಮಂದಿಗೆ ಪಥ್ಯ ಹೇಳಾಕ ಹುಮ್ಮಸ್ಸು ಬರತೈತಿ. ಯಾವ ಚೀಲ ಅಂತ ಒಬ್ಬರೂ ಕೇಳಂಗಿಲ್ಲ. ಇಲಿಯೋಸ್ಟಮಿ ಅಂದ್ರ ಸಣ್ಣ ಕರುಳು ಹೊರಗ ತಂದದ್ದು. ನೀರು, ಉಪ್ಪು ಹೀರಿಕೊಳ್ಳೋ ದೊಡ್ಡ ಕರುಳಿನ ಕೆಲಸ ಅಲ್ಲಿ ತಪ್ಪತೈತಿ. ಅದಕ್ಕ ಚೀಲಕ್ಕ ಬರೋದು ತೆಳ್ಳಗ, ದಿನಕ್ಕ ಸುಮಾರು 500ರಿಂದ 1000 ಮಿಲಿ. ಕೊಲೊಸ್ಟಮಿ ದೊಡ್ಡ ಕರುಳಿಂದು. ಹೆಚ್ಚಾಗಿ ಮಲ ಗಟ್ಟಿ, ಅಲ್ಲಿ ಕಾಡೋದು ಮಲಬದ್ಧತೆ. ಮೂತ್ರದ ಯೂರೋಸ್ಟಮಿಗಂತೂ ಊಟದ ಪಥ್ಯನ ಭಾಳ ಇಲ್ಲ, ನೀರು ಛಲೋ ಕುಡದ್ರ ಆತು. ಬಲಕ್ಕಿದ್ರ ಇಲಿಯೋ, ಎಡಕ್ಕಿದ್ರ ಕೊಲೊ ಅಂತ ಕಣ್ಣಳತಿ ಮಾಡಬ್ಯಾಡ್ರಿ. ಬಹಳ ಸಲ ಹಂಗ ಇರತೈತಿ ಖರೆ, ಆದ್ರ ಉತ್ತರ ಇರೋದು ಡಿಸ್ಚಾರ್ಜ್ ಕಾಗದದಾಗ.

ಈಗ ರೊಟ್ಟಿ ಯಾಕ ಬ್ಯಾಡ ಅಂತ ಕೇಳ್ರಿ. ಆಪರೇಷನ್ ಆದ ಮ್ಯಾಲ ಕರುಳು ಬಾತಿರತೈತಿ. ಅದು ಹೊಟ್ಟಿ ಗೋಡಿ ಸ್ನಾಯು ದಾಟಿ ಹೊರಗ ಬರೋ ಜಾಗಾ ಮೊದಲ ಸಣ್ಣದು. ನಾರು, ಸಿಪ್ಪಿ, ಅಗಿಯದ ಶೇಂಗಾ ಚೂರು ಅಲ್ಲಿ ಉಂಡಿಯಾಗಿ ಸಿಕ್ಕೊಂಡ್ರ ದಾರಿ ಬಂದ್. ಇಲಿಯೋಸ್ಟಮಿಯವರಿಗೆ ಮೊದಲ ಆರರಿಂದ ಎಂಟು ವಾರ ಮೆತ್ತನ ಅನ್ನ, ಇಡ್ಲಿ, ಹೆಸರಬ್ಯಾಳಿ ತಿಳಿ, ಸಿಪ್ಪಿ ತಗದ ಬಟಾಟಿ, ತತ್ತಿ, ಮೊಸರು, ಸಾಬೂದಾಣಿ, ಬಾಳಿಹಣ್ಣು. ಗೊಂಜಾಳ ತೆನಿ, ಸೀತನಿ, ಹಸಿ ಕೊಬ್ಬರಿ, ಅಣಬಿ, ಒಣದ್ರಾಕ್ಷಿ, ಹಸಿ ಕಾಯಿಪಲ್ಯ ದೂರ. ಕರದಂಟು ಅಂದ್ರ ನಂಗೂ ಜೀವ. ಆದ್ರ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲಾ ಒಂದ ತುಂಡಿನ್ಯಾಗ ಇರೋ ಆ ಪದಾರ್ಥಕ್ಕ ಅವರ ಕಡೆ ಈಗ ಜಾಗಾ ಇಲ್ಲ. ಆರೆಂಟು ವಾರದ ಮ್ಯಾಲ ಡಾಕ್ಟರ್ ಹೂಂ ಅಂದ್ರ ಬಿಸಿ ಮೆತ್ತನ ರೊಟ್ಟಿ ಬ್ಯಾಳ್ಯಾಗ ನೆನಸಿ ಕಾಲು ಭಾಗ, ಚಂದಂಗ ಅಗದು. ಒಂದು ಹೊಸ ಪದಾರ್ಥ ಕೊಟ್ರ ಎರಡ್ಮೂರು ದಿನ ನೋಡಿ ಇನ್ನೊಂದು.

ನಾಕಾರು ತಾಸು ಚೀಲಕ್ಕ ಏನೂ ಬರಲಿಲ್ಲ, ಹೊಟ್ಟಿ ಮುರದಂಗ ಆಗಿ ವಾಂತಿ ಹತ್ತಿದ್ರ ದವಾಖಾನಿಗೆ ಓಡ್ರಿ. ಔಡಲೆಣ್ಣಿ ಕುಡಸಾಕ ಬರೋ ಶಾಣ್ಯಾರಿಗೆ ಬಾಗಲಾ ತೋರಸ್ರಿ. ಸ್ಟೋಮಾ, ಅಂದ್ರ ಹೊಟ್ಟಿ ಮ್ಯಾಲ ಕಾಣೋ ಕರುಳಿನ ಬಾಯಿ, ಕೆಂಪಗ, ಹಸಿ ಹಸಿ ಇರಬೇಕು. ಕಪ್ಪಾತು ಅಂದ್ರ ತಡಾ ಮಾಡಬ್ಯಾಡ್ರಿ.

"ನಮ್ಮ ಕಾಕಾ ಹದಿನೈದು ದಿನಕ್ಕ ರೊಟ್ಟಿ ತಿಂದ್ರು, ಏನೂ ಆಗಲಿಲ್ಲ" ಅಂತೀರಿ. ಆಗಿರಬೇಕು. ನಿಮ್ಮ ಕಾಕಾಂದು ಯಾವ ಚೀಲ? ಗೊತ್ತಿಲ್ಲ! ಮತ್ತ ಕಾಕಾನ ರೊಟ್ಟಿ ತಗೊಂಡು ಇವರೇನ ಮಾಡೋದು?

ನೀರಿಂದು ಇನ್ನೊಂದು ಗದ್ದಲ. ಚೀಲ ತುಂಬಬಾರದು ಅಂತ ಇಲಿಯೋಸ್ಟಮಿಯವರು ಕುಡಿಯೋದು, ತಿನ್ನೋದು ಎರಡೂ ಬಿಡತಾರ. ಖಾಲಿ ಹೊಟ್ಟಿಗೆ ಗ್ಯಾಸ್ ಹೆಚ್ಚು, ಗಾಯಾನೂ ಮಾಯಂಗಿಲ್ಲ. ಅದರಾಗ ವಿಜಾಪುರದ ಏಪ್ರಿಲ್, 40 ಡಿಗ್ರಿ! ಅವರ ಮೈಯಿಂದ ಹೋಗೋದು ಬರೇ ನೀರಲ್ಲ, ಉಪ್ಪು ಸುದ್ದಾ. ಚೀಲಕ್ಕ ಬರೋದು ಹೆಚ್ಚಾದಾಗ ಬರೇ ನೀರು ಕೊಡಗಟ್ಲೆ ಕುಡದ್ರ ಆ ನೀರು ಉಪ್ಪನ್ನೂ ಎಳಕೊಂಡು ಮತ್ತ ಚೀಲಕ್ಕ ಹೋಗತೈತಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ ಗುಟುಕು ಗುಟುಕಾಗಿ ಕುಡೀಬೇಕು. ಹಣ್ಣಿನ ರಸದಂಗಿರೋ ಸಿಹಿ ಡಬ್ಬಿ ಓಆರ್‌ಎಸ್ ಅಲ್ಲ; ಸಕ್ಕರಿ ಹೆಚ್ಚಾದ್ರ ಹೊರಗ ಬರೋದೂ ಹೆಚ್ಚು. ಉಪ್ಪು ಹಾಕಿದ ಮಜ್ಜಿಗಿ ಛಲೋ. ಹೃದಯ, ಕಿಡ್ನಿ ತೊಂದರಿ ಇದ್ದವರು ಉಪ್ಪಿನ ಲೆಕ್ಕಾ ಡಾಕ್ಟರನ್ನ ಕೇಳಬೇಕು. ಚೀಲಕ್ಕ ದಿನಕ್ಕ ಒಂದೂವರಿ ಲೀಟರ್ ದಾಟಿ ಬಂದ್ರ, ಎದ್ದು ನಿಂತಾಗ ಕಣ್ಣು ಕತ್ತಲಿ ಬಂದ್ರ, ಮೂತ್ರ ಕಡು ಹಳದಿ ಆಗಿ ಕಡಿಮಿ ಆದ್ರ ಡಾಕ್ಟರಿಗೆ ಫೋನ್ ಹಚ್ಚರಿ. ಕೊಲೊಸ್ಟಮಿ ಹಿರ್ಯಾರ ಲೆಕ್ಕಾ ಬ್ಯಾರೆ: ಗಾಯ ಮಾದ ಮ್ಯಾಲ ರೊಟ್ಟಿ, ಪಲ್ಯ, ನೀರು ಎಲ್ಲಾ ಬೇಕು. ಗಂಜಿ ಕುಡಿಸಿ ಮಲ ಕಟ್ಟಿಸಿ ಆಮ್ಯಾಲ ಗುಳಿಗಿ ಕೇಳೋದು ಯಾವ ನ್ಯಾಯ?

ಕೇಳೋ ಚಟಾ ಆಪರೇಷನ್‌ಗೆ ಮೊದಲ ಹಚ್ಚಿಕೊಂಡ್ರ ಇನ್ನೂ ಚಲೋ. ತುರ್ತು ಆಪರೇಷನ್ ಅಲ್ಲದಿದ್ರ ಸ್ಟೋಮಾ ಎಲ್ಲಿ ಬರಬೇಕು ಅಂತ ಮೊದಲ ಹೊಟ್ಟಿ ಮ್ಯಾಲ ಪೆನ್ನಿನಿಂದ ಗುರುತು ಹಾಕಸ್ರಿ. ಮಲಗಿಸಿ ಅಷ್ಟ ಅಲ್ಲ, ಕುಂದರಿಸಿ, ನಿಂದರಿಸಿ, ಬಗ್ಗಿಸಿ ನೋಡಬೇಕು. ಮಲಗಿದಾಗ ಸಪಾಟ ಕಾಣೋ ಜಾಗಾ ಕುಂತಾಗ ಮಡಿಕಿ ಬೀಳತೈತಿ, ಮಡಿಕ್ಯಾಗ ಚೀಲ ಸೋರತೈತಿ, ಸೋರಿದ್ರ ಚರ್ಮ ಸುಡತೈತಿ. ಪರಕಾರದ ಲಾಡಿ ಎಲ್ಲಿ ಕಟ್ಟತಾರ, ಧೋತರದ ಗಂಟು ಎಲ್ಲಿ ಬರತೈತಿ ಅಂತ ತೋರಸ್ರಿ. ರೋಗಿ ಕಣ್ಣಿಗೆ ತಾನ ಕಾಣೋ ಜಾಗಾ ಇರಲಿ, ಇಲ್ಲಾಂದ್ರ ಜಲಮಪೂರ್ತಿ ಇನ್ನೊಬ್ಬರ ಕೈ ಬೇಕಾಗತೈತಿ. ಬೀಡಿ ಸಿಗರೇಟ್ ಬಿಡಸ್ರಿ, ರಕ್ತ ಕಡಿಮಿ ಇದ್ರ ಮೊದಲ ಸರಿ ಮಾಡಸ್ರಿ. ಪ್ರೋಟೀನ್ ಆಪರೇಷನ್‌ಗೆ ಮೊದಲೂ, ಆಮ್ಯಾಲೂ ದಿನಕ್ಕ ಕಿಲೋ ತೂಕಕ್ಕ ಸುಮಾರು 1.2ರಿಂದ 1.5 ಗ್ರಾಂ, 50 ಕಿಲೋ ಇದ್ದವರಿಗೆ 60ರಿಂದ 75. ಒಂದು ತತ್ತಿಯಾಗ ಆರು ಗ್ರಾಂ ಅಷ್ಟ, ಗಂಜಿಯಾಗ ಎಷ್ಟಿರತೈತಿ ನೀವ ಲೆಕ್ಕಾ ಹಾಕ್ರಿ.

ಚೀಲ ಮೂರನೇ ಒಂದು ಭಾಗ ತುಂಬಿದಕೂಡ್ಲೆ ಖಾಲಿ ಮಾಡಬೇಕು, ಇಲ್ಲಾಂದ್ರ ಭಾರಕ್ಕ ಅಂಟು ಬಿಡತೈತಿ. ಫ್ಲಾಂಜಿನ (ಚರ್ಮಕ್ಕ ಅಂಟಸೋ ಚೀಲದ ತಟ್ಟಿ) ತೂತು ಸ್ಟೋಮಾಕ್ಕಿಂತ 2-3 ಮಿಮೀ ಅಷ್ಟ ದೊಡ್ಡದು. ಆರೆಂಟು ವಾರದಾಗ ಸ್ಟೋಮಾ ಸಣ್ಣದಾಗತೈತಿ, ಮತ್ತ ಅಳೀರಿ. ನಿಧಾನಕ್ಕ ಕರಗೋ ಗುಳಿಗಿ ಇಲಿಯೋಸ್ಟಮಿಯವರಲ್ಲಿ ಹಂಗ ಇಡಿಯಾಗಿ ಹೊರಗ ಬರಬಹುದು, ಚೀಲದಾಗ ಕಂಡ್ರ ಡಾಕ್ಟರಿಗೆ ಹೇಳ್ರಿ. ಊಟ ಐದಾರು ಸಲ, ಸ್ವಲ್ಪ ಸ್ವಲ್ಪ. ರಾತ್ರಿದು ಏಳರ ಒಳಗ ಮುಗೀಲಿ. ಹತ್ತಕ್ಕ "ಇನ್ನೊಂದು ತುತ್ತು" ಅಂತ ಒತ್ತಾಯ ಮಾಡೋ ದೊಡ್ಡವ್ವಗಳಿರಾ, ನಡುರಾತ್ರಿ ಎದ್ದು ಚೀಲ ಖಾಲಿ ಮಾಡೋರು ನೀವಲ್ಲ.