ಪ್ಯಾಕೆಟ್ ಎಳ್ಳು ಬೀರೋದು ಬಿಟ್ಟುಬಿಡಿ ಸ್ವಾಮಿ

ಸಂಕ್ರಾಂತಿಗೆ ಇನ್ನೂ ಎರಡು ವಾರ ಇದೆ. ಆಗಲೇ ಅಂಗಡಿ ಮುಂದೆಲ್ಲ ಎಳ್ಳು-ಬೆಲ್ಲದ ಪ್ಯಾಕೆಟ್ಟುಗಳ ಗುಡ್ಡೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಮುಕ್ಕಾಲು ಪಾಲು ಹುರಿಗಡಲೆ, ಯಾಕಂದ್ರೆ ಅದೇ ಅಗ್ಗ. ಕೊಬ್ಬರಿ ಅಂತ ಇರೋದು ಸಿಪ್ಪೆ ಸಮೇತ ಮಿಷಿನ್ನಿಗೆ ಕೊಟ್ಟ ಕಂದು ಚೂರು. ಬೆಲ್ಲ ಬೆವೆತು ಕವರಿನ ಮೂಲೆಗೆ ಅಂಟಿಕೊಂಡಿದೆ. ಎಳ್ಳು? ಭೂತಗನ್ನಡಿ ಹಿಡಿದು ಹುಡುಕಬೇಕು. ಇದನ್ನು ಬಾಯಿಗೆ ಹಾಕಿಕೊಂಡ ಮಗು ಮುಖ ಕಿವುಚಿದರೆ, "ಈಗಿನ ಮಕ್ಕಳಿಗೆ ಎಳ್ಳು-ಬೆಲ್ಲ ಸೇರಲ್ಲ" ಅಂತ ನಾವು ರಾಗ ಎಳೀತೀವಿ. ಮಗುವಿನ ನಾಲಿಗೆ ಸರಿಯಾಗೇ ಇದೆ ಕಣ್ರೀ, ಕೆಟ್ಟಿರೋದು ಕೊಬ್ಬರಿ.

ಎಲ್ಲಾ ರಗಳೆನೂ ಕೊಬ್ಬರಿಯಿಂದಲೇ ಶುರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ. ಇಡೀ ಗಿಟುಕು ತಿಂಗಳುಗಟ್ಟಲೆ ಕೆಡದೆ ಇರುತ್ತೆ, ಆದರೆ ಸಣ್ಣಗೆ ಹೆಚ್ಚಿದ ಮೇಲೆ ಪ್ರತಿ ಚೂರಿನ ಎಲ್ಲಾ ಮೈಗೂ ಗಾಳಿ ತಾಗುತ್ತೆ. ಒಳಗೆ ಸ್ವಲ್ಪ ಪಸೆ ಉಳಿದಿದ್ದರೂ ಕಮಟು ಹಿಡಿಯೋದು ಗ್ಯಾರಂಟಿ. ತಿಪಟೂರಿನ ಕಡೆಯ ಉಂಡೆ ಕೊಬ್ಬರಿ ಸಿಕ್ಕರೆ ಬೇರೆ ಕಡೆ ಕಣ್ಣೂ ಹಾಯಿಸಬೇಡಿ. ಅಟ್ಟದ ಮೇಲೆ ಸಿಪ್ಪೆಯೊಳಗೇ ತಿಂಗಳಾನುಗಟ್ಟಲೆ ಒಣಗಿರುತ್ತೆ. ಒಡೆದು ಮೂಸಿ ನೋಡಿ, ಒಳಮೈಯಲ್ಲಿ ಹಳದಿ ಅಥವಾ ಬೂಷ್ಟಿನ ಕಲೆ ಇದ್ದರೆ ಅಂಗಡಿಯವನಿಗೇ ವಾಪಸ್ಸು. ಆಮೇಲೆ ಹೊರಗಿನ ಕಂದು ಸಿಪ್ಪೆಯನ್ನು ತುರಿಯೋ ಮಣೆಯ ಸಣ್ಣ ಕಣ್ಣಲ್ಲಿ ಪೂರ್ತಿ ಹೆರೀಬೇಕು. ಪೂರ್ತಿ ಅಂದ್ರೆ ಪೂರ್ತಿ. ಬರೀ ಬಿಳಿ ಕಾಣಲಿ ಅಂತಲ್ಲ, ಆ ಸಿಪ್ಪೆ ಹಲ್ಲಿಗೆ ನಾರು ನಾರಾಗಿ ಸಿಕ್ಕುತ್ತೆ. ಹೆರೆದದ್ದನ್ನು ಎಸೀಬೇಡಿ, ಚಟ್ನಿಪುಡಿಗಾಗುತ್ತೆ. ಈಗ ಗಿಟುಕನ್ನು ತೆಳ್ಳಗೆ ಸೀಳಿ, ಸೀಳನ್ನು ಕಡಲೆಬೇಳೆ ಗಾತ್ರಕ್ಕೆ ಹೆಚ್ಚಿ. ಹಳೇ ಬಟ್ಟೆ ಮೇಲೆ ಹರಡಿ ಎರಡು ದಿನ ಬೆಳಗಿನ ಬಿಸಿಲಿಗಿಡಿ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಮರೆತುಬಿಟ್ಟರೆ ಎಣ್ಣೆ ಬಿಟ್ಟುಕೊಳ್ಳುತ್ತೆ. ಬಟ್ಟೆಯಲ್ಲಿ ಜಿಡ್ಡಿನ ಕಲೆ ಕಂಡರೆ ಅತಿಯಾಯ್ತು ಅಂತ ಅರ್ಥ.

ಬೆಲ್ಲದ ವಿಷಯಕ್ಕೆ ಬಂದರೆ ಈಗ ಹೊಸ ಹುಚ್ಚೊಂದು ಶುರುವಾಗಿದೆ: ಸಾವಯವ, ಕಪ್ಪು ಬೆಲ್ಲ, ಮೆತ್ತಗೆ, ಆಹಾ. ಪಾಯಸಕ್ಕೆ ಹಾಕಿ, ನಮಸ್ಕಾರ ಹಾಕ್ತೀನಿ. ಎಳ್ಳಿಗೆ ಮಾತ್ರ ತರಬೇಡಿ. ಅದು ಗಾಳಿಯ ತೇವ ಹೀರಿ ಮಾರನೇ ದಿನಕ್ಕೇ ಜಿನುಗುತ್ತೆ. ಹಾಗಂತ ಬೆಳ್ಳಗೆ ಸೀಮೆಸುಣ್ಣದ ಹಾಗಿರೋದಕ್ಕೂ ಹೋಗಬೇಡಿ, ಆ ಬಣ್ಣ ಕಬ್ಬಿನದಲ್ಲ, ಬಿಳುಪು ಬರಿಸೋ ರಾಸಾಯನಿಕ ಹೈಡ್ರೋಸ್‌ನದು. ಉಗುರಿಗೆ ಜಗ್ಗದ, ತಿಳಿ ಹೊಂಬಣ್ಣದ ಗಟ್ಟಿ ಅಚ್ಚು ಬೆಲ್ಲ ಬೇಕು. ಅಡಕತ್ತರಿಯಲ್ಲಿ ಹೆಚ್ಚಿ. ಕುಟ್ಟಿದರೆ ಅರ್ಧ ಪುಡಿಯಾಗುತ್ತೆ, ಆ ಪುಡಿಯೇ ಮಿಕ್ಕಿದ್ದನ್ನೆಲ್ಲ ಅಂಟಿಸೋದು. ಹೆಚ್ಚಿದ್ದನ್ನು ಜರಡಿ ಹಿಡಿದು, ಪುಡಿ ಅಡುಗೆಗೆ, ಚೂರು ಮಾತ್ರ ಎಳ್ಳಿಗೆ. ಕೊಬ್ಬರಿ ಜೊತೆ ಒಂದೇ ಬಟ್ಟೆ ಮೇಲೆ ಒಣಗಿಸಬೇಡಿ, ತೆಳು ಪಂಚೆ ಮುಚ್ಚಿ ಬೇರೆ ಇಡಿ. ಇರುವೆಗೆ ಹೇಳಿಕಳಿಸೋದೇನೂ ಬೇಕಿಲ್ಲ, ತಾನಾಗೇ ಬರುತ್ತೆ.

ಕಡಲೇಕಾಯಿ ಬೀಜ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ, ಎರಡು ಹೋಳು ಮಾಡಿ. ತುದಿಯ ಆ ಪುಟ್ಟ ಮೂತಿ ತೆಗೀರಿ, ಅದು ಕಹಿ. ಹುರಿಗಡಲೆ ಒಂದು ಸಲ ಬಾಣಲೆಯಲ್ಲಿ ಬೆಚ್ಚಗಾದರೆ ಸಾಕು. ಬಿಳಿ ಎಳ್ಳು ಚಟಪಟ ಅಂದ ಕೂಡಲೇ ಇಳಿಸಿ, ಬಾಣಲೆಯಲ್ಲೇ ಬಿಡಬೇಡಿ, ಕೆಂಪಗಾದರೆ ಕಹಿ. ಅಳತೆ ಕೇಳ್ತೀರಾ? ಕೊಬ್ಬರಿ, ಬೆಲ್ಲ, ಕಡಲೇಕಾಯಿ ಬೀಜ ತಲಾ 1 ಪಾವು. ಹುರಿಗಡಲೆ ಮುಕ್ಕಾಲು ಪಾವು, ಅದಕ್ಕಿಂತ ಒಂದು ಹಿಡಿನೂ ಬೇಡ. ಎಳ್ಳು ಕಾಲು ಪಾವು. ಎಲ್ಲಾ ತಣ್ಣಗಾಗೋ ತನಕ ಬೆರೆಸಬೇಡಿ. ಒಂದು ಹಿಡಿ ಬಿಸಿ ಬೀಜ ಬಿದ್ದರೆ ಸಾಕು, ಡಬ್ಬಿ ಮುಚ್ಚಳದಲ್ಲಿ ಹನಿ ಕಟ್ಟಿ ಇಡೀ ಬೆಲ್ಲ ನೀರಾಗುತ್ತೆ.

"ಕೆಲಸಕ್ಕೆ ಹೋಗೋರಿಗೆ ಟೈಮೆಲ್ಲಿದೆ? ಫ್ಲ್ಯಾಟಲ್ಲಿ ಬಿಸಿಲೆಲ್ಲಿದೆ?" ಇದೇ ತಾನೆ ಕಾಮೆಂಟಲ್ಲಿ ಬರೋದು? ಸರಿ, ಐದು ನಿಮಿಷದ ಮಟ್ಟಿಗೆ ಒಪ್ಪಿದೆ. ಬಿಸಿಲಿಲ್ಲದಿದ್ದರೆ ಫ್ಯಾನಿದೆ, ರಾತ್ರಿಯಿಡೀ ಅದರ ಕೆಳಗೆ ಹರಡಿಡಿ, ಮೂರು ರಾತ್ರಿಗೆ ಗರಿಗರಿ. ಅಮೆರಿಕದಲ್ಲಿರೋ ನಮ್ಮವರು ಹಿಮದ ಮಧ್ಯೆ, ಹೀಟರಿನ ಒಣ ಗಾಳಿಯಲ್ಲೇ ಒಣಗಿಸ್ಕೋತಾರೆ, ನಿಮಗೇನು ಕಷ್ಟ? ಟೈಮಿನ ಮಾತು: ಇಡೀ ಕೆಲಸ ಒಂದೇ ದಿನ ಮಾಡಿ ಅಂದವರ್ಯಾರು? ಒಂದು ಸಂಜೆ ಸಿಪ್ಪೆ, ಒಂದು ಸಂಜೆ ಬೆಲ್ಲ. ಸೀರಿಯಲ್ ನೋಡ್ತಾ ಕೈ ತಾನಾಗೇ ಹೆಚ್ಚುತ್ತೆ. ಹೆಂಗಸರೇ ಹೆಚ್ಚಬೇಕು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ಗಂಡಸರ ಕೈಗೂ ಅಡಕತ್ತರಿ ಹಿಡಿಯುತ್ತೆ. ಅದೂ ಆಗಲ್ಲ ಅಂದ್ರೆ ನಲವತ್ತು ಮನೆ ಬಿಟ್ಟು ಹತ್ತೇ ಮನೆಗೆ ಬೀರಿ. ಹತ್ತು ಮನೆಗೆ ಮೇಲಿನ ಅಳತೆ ಧಾರಾಳ ಆಯ್ತು. ಕಮಟು ಕೊಬ್ಬರಿ ಕೈಗಿಟ್ಟು "ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ" ಅಂತ ಕೇಳೋದು ಅನ್ಯಾಯ ಅಲ್ವಾ? ಅದನ್ನು ತಿಂದವರ ಬಾಯಲ್ಲಿ ಒಳ್ಳೇ ಮಾತು ಎಲ್ಲಿಂದ ಬರಬೇಕು?

ಸಕ್ಕರೆ ಅಚ್ಚಿನ ವಿಷಯದಲ್ಲಿ ಮಾತ್ರ ನಾನು ಮೆತ್ತಗಾಗ್ತೀನಿ. ಕೊಂಡುಕೊಳ್ಳಿ, ಬೈಯಲ್ಲ. ಮನೇಲೇ ಮಾಡೋದಾದ್ರೆ ಮರದ ಅಚ್ಚನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕಬೇಕು, ಒಣ ಮರಕ್ಕೆ ಪಾಕ ಕಚ್ಚಿಕೊಂಡು ಗಿಣಿಯ ಕೊಕ್ಕು ಅಲ್ಲೇ ಉಳಿಯುತ್ತೆ. ಸಕ್ಕರೆ ಮುಳುಗುವಷ್ಟೇ ನೀರು, ಕುದಿಯುವಾಗ ಒಂದೆರಡು ಚಮಚ ಹಾಲು, ಮೇಲೆ ಬಂದ ಕೊಳೆ ತೆಗೆದು ಬಟ್ಟೆಯಲ್ಲಿ ಸೋಸಬೇಕು. ಆಮೇಲೆ ಒಂದೊಂದು ಸೌಟಿನಷ್ಟೇ ಚಿಕ್ಕ ಪಾತ್ರೆಯಲ್ಲಿ ಕಾಯಿಸಿ, ತಿರುವಿ, ಅಂಚಲ್ಲಿ ಬೆಳ್ಳಗೆ ಹರಳುಗಟ್ಟೋಕೆ ಶುರುವಾದ ಕ್ಷಣ ಹುಯ್ದುಬಿಡಬೇಕು. ಒಂದು ಸುತ್ತು ಹೆಚ್ಚಾದರೆ ಪಾತ್ರೆಯಲ್ಲೇ ಕಲ್ಲು, ಕಡಿಮೆಯಾದರೆ ಅಚ್ಚೊಳಗೆ ಅಂಟು. ಆ ಹದ ಕೈಗೆ ಬರೋಕೆ ವರ್ಷಗಳೇ ಬೇಕು, ಎಲ್ಲರಿಗೂ ಬರಲ್ಲ. ಆದರೆ ಕೊಳ್ಳೋವಾಗ ಕವರಿನ ಒಳಗೆ ತೇವದ ಮಂಜು ಕಟ್ಟಿದೆಯಾ ನೋಡಿ, ಕಟ್ಟಿದ್ದರೆ ಬೇಡ. ಮುರಿದರೆ ಟಕ್ ಅನ್ನಬೇಕು. ಮನೆಗೆ ತಂದ ಮೇಲೆ ಎಳ್ಳಿನ ಡಬ್ಬಿಯಲ್ಲಿ ಮಾತ್ರ ಹಾಕಿಡಬೇಡಿ, ಕೊಬ್ಬರಿ ಎಣ್ಣೆ ಹತ್ತಿ ಆನೆಯೆಲ್ಲ ಹಳದಿ ಆಗುತ್ತೆ. ಬೀರೋಕೆ ಹೊರಡುವಾಗ ತಟ್ಟೆಯಲ್ಲಿ ಮೇಲಿಟ್ಟರೆ ಸಾಕು.