ಮೆಟ್ಟುಗತ್ತಿಗೆ ಅಪ್‌ಡೇಟ್ ಬಂದಿಲ್ಲ

ನನ್ನ ಫೋನ್ ಇನ್ನೂ ಸತ್ತಿಲ್ಲ. ಆದರೆ ಅದರ ವೈಕುಂಠ ಸಮಾರಾಧನೆ ಮುಗಿದುಹೋಗಿದೆ.

ಕಳೆದ ವಾರ ಬೆಳಿಗ್ಗೆ ಬ್ಯಾಂಕಿನ ಆ್ಯಪ್ ಒತ್ತಿದೆ. 'ನಿಮ್ಮ ಸಾಧನಕ್ಕೆ ಇನ್ನು ಮುಂದೆ ಬೆಂಬಲ ಇರುವುದಿಲ್ಲ' ಎಂದು ಬಂತು. ಎಂತಾ ಮರ್ಯಾದೆ ನೋಡಿ. ಏಳು ವರ್ಷದಿಂದ ನಾನು ಅದನ್ನು 'ಈ ಡಬ್ಬ' ಅಂತಲೇ ಕರೆದುಕೊಂಡು ಬಂದವನು. ಸಾಯುವ ದಿನ ಅದು 'ಸಾಧನ' ಆಯಿತು. ಇನ್ನು ಬೆಂಬಲದ ವಿಷಯ. ಕರ್ನಾಟಕದವರಿಗೆ ಬೆಂಬಲ ವಾಪಸ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ವಿಧಾನಸೌಧದಲ್ಲಾದರೆ ನಾಲ್ಕು ಬಸ್ಸು ಮಾಡಿ ರೆಸಾರ್ಟಿಗೆ ಕರೆದುಕೊಂಡು ಹೋಗಿ ಉಳಿಸಿಕೊಳ್ಳಬಹುದು. ಫೋನನ್ನು ಯಾವ ರೆಸಾರ್ಟಿಗೆ ಕರೆದುಕೊಂಡು ಹೋಗಲಿ?

ಅದಕ್ಕೇನಾಗಿದೆ ಅಂತ ನೀವು ಕೇಳಬೇಕು. ಏನೂ ಆಗಿಲ್ಲ. ಮಾತು ಕೇಳಿಸುತ್ತದೆ. ಟಾರ್ಚು ಹತ್ತುತ್ತದೆ, ರಾತ್ರಿ ಕೊಟ್ಟಿಗೆ ಕಡೆ ಹೋಗುವಾಗ ಹಾವು ಕಾಣಿಸುವಷ್ಟು ಚೆನ್ನಾಗಿಯೇ ಹತ್ತುತ್ತದೆ. ಇಯರ್‌ಫೋನ್ ವೈರು ಸಿಕ್ಕಿಸಿದರೆ ಭದ್ರಾವತಿ ಆಕಾಶವಾಣಿ ಬರುತ್ತದೆ, ವೈರೇ ಅದರ ಏರಿಯಲ್. ಎರಡು ಸಲ ಹಂಡೆಯ ಪಕ್ಕ ಬಿದ್ದು, ಒಂದು ಸಲ ಹಂಡೆಯೊಳಗೇ ಬಿದ್ದು, ಅಕ್ಕಿ ಡಬ್ಬಿಯಲ್ಲಿ ಎರಡು ದಿನ ಮಲಗಿ ಎದ್ದು ಬಂದಿದೆ. ಇಷ್ಟು ಗಟ್ಟಿ ಜೀವ ನಮ್ಮ ಮನೆಯಲ್ಲಿ ಅಮ್ಮನನ್ನು ಬಿಟ್ಟರೆ ಇನ್ಯಾರಿಗೂ ಇಲ್ಲ.

ಸರಿ, ಶಿವಮೊಗ್ಗಕ್ಕೆ ಹೋದೆ. ನೆಹರೂ ರಸ್ತೆಯ ಒಂದು ಅಂಗಡಿ ಹೊಕ್ಕೆ. ಕತ್ತಿಗೆ ಪಟ್ಟಿ ನೇತುಹಾಕಿಕೊಂಡ ಹುಡುಗ ಓಡಿ ಬಂದ.

"ಸಾರ್, ಇದ್ರಲ್ಲಿ 5ಜಿ ಇದೆ."

ನಮ್ಮನೆಯಲ್ಲಿ ಎರಡು ಕಡ್ಡಿ ಸಿಗ್ನಲ್ ಬೇಕಾದರೆ ದರೆ ಹತ್ತಿ ಗೇರುಮರದ ಬುಡಕ್ಕೆ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿ ಉಂಬಳದ, ಅಂದರೆ ಜಿಗಣೆಯ, ಕಾಟ. ಒಂದು ಓಟಿಪಿ ಬರುವಷ್ಟರಲ್ಲಿ ನಾಲ್ಕು ಉಂಬಳ ಹತ್ತಿರುತ್ತವೆ. ಇದನ್ನೆಲ್ಲ ಹುಡುಗನಿಗೆ ಹೇಳಲು ಹೋಗಲಿಲ್ಲ.

"ಎಐ ಇದೆ ಸಾರ್."

"ಎಂತ ಮಾಡ್ತದಪ್ಪ ಅದು?"

"ಫೋಟೋದಲ್ಲಿ ಹಿಂದೆ ನಿಂತಿರೋರನ್ನ ಅಳಿಸಿ ಹಾಕ್ತದೆ ಸಾರ್."

ನಮ್ಮ ಮನೆಯ ಫೋಟೋಗಳಲ್ಲಿ ಹಿಂದೆ ನಿಂತಿರುವವರು ದೊಡ್ಡಪ್ಪ. ಅವರ ಮೇಲೆ ತೋಟದ ಪಾಲಿನ ಕೇಸು ಹತ್ತೊಂಬತ್ತು ವರ್ಷದಿಂದ ನಡೆಯುತ್ತಿದೆ. ಮೂವರು ವಕೀಲರ ಕೈಯಲ್ಲಿ ಆಗದ ಕೆಲಸ ಇದು ಒಂದು ಬೆರಳಲ್ಲಿ ಮಾಡುತ್ತದಂತೆ. ಒಂದು ಕ್ಷಣ ಆಸೆಯಾದದ್ದು ಸುಳ್ಳಲ್ಲ.

ಆಮೇಲೆ ತಿಳಿಯಿತು, ಇಯರ್‌ಫೋನ್ ತೂತು ಇಲ್ಲ. ರೇಡಿಯೋ ಇಲ್ಲ. ಬಾಕ್ಸಿನಲ್ಲಿ ಚಾರ್ಜರೂ ಇಲ್ಲ. ಚಾರ್ಜರ್ ಯಾಕಿಲ್ಲ ಅಂದರೆ ಹುಡುಗ ಪಾಪ, ಕಲಿಸಿದ್ದನ್ನು ಹೇಳಿದ: "ಪರಿಸರಕ್ಕೆ ಒಳ್ಳೇದು ಸಾರ್." ಚಾರ್ಜರ್ ಬೇಕಾದರೆ ಬೇರೆ ದುಡ್ಡು, ಬೇರೆ ಬಾಕ್ಸು. ಚೆನ್ನಾಗಿರುವ ಫೋನನ್ನು ಎಸೆದು ಇನ್ನೊಂದು ತಗೊಳ್ಳಿ, ಆದರೆ ಪರಿಸರಕ್ಕೋಸ್ಕರ ವೈರು ಕೇಳಬೇಡಿ. ಮಲೆನಾಡಿನವನಿಗೆ ಪರಿಸರದ ಪಾಠ ಹೇಳುವವರು ದಿನಾ ಒಬ್ಬರು ಸಿಗುತ್ತಾರೆ. ಫೋನ್ ಕಂಪನಿಯವರೊಬ್ಬರು ಬಾಕಿ ಇದ್ದರು.

ಹಳೆಯದಕ್ಕೆ ಎಕ್ಸ್‌ಚೇಂಜಿನಲ್ಲಿ ಎಷ್ಟು? ನಾನೂರು ರೂಪಾಯಿ. ಫೋನನ್ನು ವಾಪಸ್ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.

ಕೈಯಲ್ಲಿ ಇನ್ನೊಂದು ಚೀಲ ಇತ್ತು. ಅದರಲ್ಲಿ ಅಮ್ಮನ ಮಿಕ್ಸಿ. ತಂಗಿಯ ಮದುವೆಗೂ ಮುಂಚೆ ತಂದದ್ದು ಅದು, ತಂಗಿಯ ಮಗ ಈಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಸೂಜಿಮೆಣಸಿನ ಚಟ್ನಿ ಅರೆಯುವಾಗ ಸುಟ್ಟ ವಾಸನೆ ಬಂದು ನಿಂತಿತ್ತು. ದುರ್ಗಿಗುಡಿಯ ಹತ್ತಿರ ಒಂದು ಸಂದಿಯಲ್ಲಿ ರಿಪೇರಿ ಅಂಗಡಿ ಇದೆ. ಅಂಗಡಿ ಅಂದರೆ ಎರಡು ಆಳು ಅಡ್ಡ ನಿಂತರೆ ಮುಗಿಯಿತು. ಎಪ್ಪತ್ತರ ಹತ್ತಿರದ ಯಜಮಾನರು, ಮೂಗಿನ ತುದಿಗೆ ಕನ್ನಡಕ.

"ಬನ್ನಿ, ಕೂತ್ಕಳಿ" ಎಂದರು. ಕೂರಲು ಜಾಗ ಇರಲಿಲ್ಲ. ಒಂದು ಟೇಬಲ್ ಫ್ಯಾನನ್ನು ಎತ್ತಿ ಇನ್ನೊಂದರ ಮೇಲಿಟ್ಟು ಜಾಗ ಮಾಡಿಕೊಟ್ಟರು.

ಮಿಕ್ಸಿಯನ್ನು ತಲೆಕೆಳಗು ಮಾಡಿ ನಾಲ್ಕು ಸ್ಕ್ರೂ ಬಿಚ್ಚಿದರು. ನಾಲ್ಕೂ ಯಾವ ಅಂಗಡಿಯ ಸ್ಕ್ರೂಡ್ರೈವರಿಗೂ ಬಗ್ಗುವ ಸ್ಕ್ರೂಗಳು. ಒಳಗಿನಿಂದ ಒಂದು ಸತ್ತ ಜಿರಲೆ, ಅರ್ಧ ಹುರಿಗಡಲೆ, ಕಾಯಿತುರಿಯ ಕರಿ ಹಿಟ್ಟು ಉದುರಿತು. ಮೋಟರಿನ ಎರಡು ಪಕ್ಕದಿಂದ ಎರಡು ಸಣ್ಣ ಕರಿ ತುಂಡು ಎಳೆದರು. ಹಿಂದೆ ಪುಟ್ಟ ಸ್ಪ್ರಿಂಗು. ಕಾರ್ಬನ್. ಬೆರಳ ತುದಿಯಷ್ಟು ಉದ್ದ ಇರಬೇಕಾದದ್ದು ಸವೆದು ಉಗುರಿನಷ್ಟಾಗಿತ್ತು. ಅದು ಸವೆಯಲಿ ಅಂತಲೇ ಅದನ್ನು ಇಟ್ಟಿರುವುದು. ಅದು ಸವೆದರೆ ಮೋಟರ್ ಉಳಿಯುತ್ತದೆ. ಹಳೇ ಬಿಸ್ಕತ್ ಡಬ್ಬಿಯಲ್ಲಿ ಕೈಯಾಡಿಸಿ ಹೊಸ ಜೋಡಿ ಹುಡುಕಿದರು, ಮರಳು ಕಾಗದದಲ್ಲಿ ಒಂಚೂರು ಉಜ್ಜಿದರು, ಕೂರಿಸಿದರು. ಜಾರಿನ ಕೆಳಗಿನ ಕಪ್ಲರೂ ಬದಲಾಯಿಸಿದರು. ಹತ್ತು ನಿಮಿಷ. ಗುಂಡಿ ತಿರುಗಿಸಿದರೆ ಹಳೇ ಬಸ್ಸು ಘಾಟಿ ಹತ್ತುವ ಸದ್ದು.

ಈ ಮಿಕ್ಸಿ ಅನ್ನುವುದರ ಹುಟ್ಟೇ ಒಂದು ಕಥೆ. 1960ರ ದಶಕದಲ್ಲಿ ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ ಅವರ ಮನೆಯಲ್ಲಿ ಜರ್ಮನಿಯ ಮಿಕ್ಸರ್ ಇತ್ತು. ಅದರ ಮೋಟರ್ ನಮ್ಮ ಅಡುಗೆಮನೆಯ ಕೆಲಸ ತಡೆಯಲಾರದೆ ಸುಟ್ಟುಹೋಯಿತು. ಅದಕ್ಕೇ ಅವರು ನಮ್ಮ ಅಕ್ಕಿ, ಉದ್ದು, ಕಾಯಿಗೆ ಬಗ್ಗದ ಮೋಟರ್ ಇಟ್ಟು ಸುಮೀತ್ ಮಿಕ್ಸಿ ಮಾಡಿದರು. ಈಗ ಬರುತ್ತಿರುವುದಕ್ಕೆ ಟಚ್ ಗುಂಡಿ, ನೀಲಿ ಲೈಟು, ಒಳಗೊಂದು ಬೋರ್ಡು. ಮಲೆನಾಡಿನ ಜೂನ್‌ನಲ್ಲಿ ಇರುವೆಗಳು ಬೆಚ್ಚಗಿರುವ ಜಾಗ ಹುಡುಕುತ್ತವೆ. ಬೋರ್ಡಿಗಿಂತ ಬೆಚ್ಚಗಿನ ಜಾಗ ಬೇರೆ ಯಾವುದಿದೆ? ಮೊಟ್ಟೆ ಸಮೇತ ಸಂಸಾರ ಹೂಡುತ್ತವೆ. ಅಲ್ಲಿಗೆ ಮಿಕ್ಸಿ ಢಮಾರ್. "ಬೋರ್ಡ್ ಹೋದ್ರೆ ನಾನು ಎಂತ ಮಾಡ್ಲಿ ಹೇಳಿ? ಬೋರ್ಡೂ ಕೊಡಲ್ಲ, ನಕ್ಷೆನೂ ಕೊಡಲ್ಲ. ಹೊಸದು ತಗಳಿ ಅಂತಾರೆ" ಎಂದರು ಯಜಮಾನರು. ಅವರ ಮಗ ಈಗ ಕೊರಿಯರ್ ಹಂಚುತ್ತಾನಂತೆ. ಹೊಸ ಮಿಕ್ಸಿಗಳನ್ನೂ ಅವನೇ ಹಂಚುತ್ತಿರಬಹುದು.

ನಾನು ಹಳೆಯದರ ಭಜನೆ ಮಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಒರಳಲ್ಲಿ ಅರೆಯಿರಿ ಅನ್ನುವ ಗಂಡಸರು ಯಾರೂ ಒರಳ ಮುಂದೆ ಕೂತವರಲ್ಲ. ಅಡಿಕೆ ಸುಲಿಯುವ ಯಂತ್ರ ಬಂದದ್ದು ದೊಡ್ಡ ಪುಣ್ಯ. ಅದಕ್ಕೆ ಮುಂಚೆ ರಾತ್ರಿ ಎರಡು ಗಂಟೆಯವರೆಗೆ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯುತ್ತಿದ್ದ ಹೆಂಗಸರ ಬೆರಳು ನೋಡಿದವರಿಗೆ ಗೊತ್ತು. ಆದರೆ ಆ ಮೆಟ್ಟುಗತ್ತಿ ಈಗಲೂ ನಮ್ಮ ಅಟ್ಟದಲ್ಲಿದೆ. ಯಂತ್ರ ಕೈಕೊಟ್ಟ ದಿನ ಕೆಳಗಿಳಿಯುತ್ತದೆ. ಮರದ ಮಣೆ, ಕಬ್ಬಿಣದ ಅಲಗು. 'ಈ ಅಡಿಕೆ ನಿಮ್ಮ ಕತ್ತಿಗೆ ಹೊಂದುವುದಿಲ್ಲ' ಅಂತ ಅದು ಇವತ್ತಿನವರೆಗೆ ಒಂದು ದಿನವೂ ಹೇಳಿಲ್ಲ.

ಇನ್ನು ಔಷಧಿ ಹೊಡೆಯುವ ವಿಷಯಕ್ಕೆ ಬನ್ನಿ. ಫ್ರಾನ್ಸಿನ ಬೋರ್ಡೋ ಕಡೆ ದ್ರಾಕ್ಷಿಗೆ ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಹೊಡೆದರೆ ರೋಗ ನಿಲ್ಲುತ್ತದೆ ಅಂತ ಮಿಲಾರ್ದೆ ಅನ್ನುವವರು ಬರೆದದ್ದು 1885ರಲ್ಲಿ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ ತಂದದ್ದು 1910ರ ಸುಮಾರಿಗೆ. ಇಂಗ್ಲಿಷ್ ಪುಸ್ತಕದಲ್ಲೂ ಆ ರೋಗದ ಹೆಸರು ಕೊಳೆರೋಗವೇ. ನಾವು ಜಗತ್ತಿಗೆ ಕೊಟ್ಟದ್ದು ಅದೊಂದು. ಇವತ್ತಿಗೂ ಲೆಕ್ಕ ಅದೇ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೋರ್ಡೋ ಪ್ರೊ, ಬೋರ್ಡೋ ಪ್ಲಸ್, ಬೋರ್ಡೋ ಅಲ್ಟ್ರಾ ಬಂದಿಲ್ಲ. ಮೇ ತಿಂಗಳಲ್ಲಿ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಹತ್ತು ಸಲ ಫೋನ್ ಮಾಡಿದರೂ ಎತ್ತುವುದಿಲ್ಲ ಅನ್ನುವುದು ಬೇರೆ ಮಾತು. ಅವನದ್ದು ಹೊಸ ಫೋನು.

ಬಲ್ಬಿನ ಕಥೆ ನಿಮಗೆ ಗೊತ್ತಿರಬಹುದು. 1924ರಲ್ಲಿ ಜಿನೀವಾದಲ್ಲಿ ದೊಡ್ಡ ಬಲ್ಬ್ ಕಂಪನಿಗಳೆಲ್ಲ ಸೇರಿ ಫೀಬಸ್ ಅಂತ ಒಂದು ಕೂಟ ಕಟ್ಟಿಕೊಂಡವು. ಬಲ್ಬು ಒಂದು ಸಾವಿರ ಗಂಟೆ ಉರಿದರೆ ಸಾಕು ಅಂತ ಗೊತ್ತು ಮಾಡಿದವು. ಅದಕ್ಕಿಂತ ತುಂಬಾ ಜಾಸ್ತಿ ಉರಿಯುವ ಬಲ್ಬ್ ಮಾಡಿದ ಸದಸ್ಯನಿಗೆ ದಂಡ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ದಂಡ ಹಾಕುವ ಪದ್ಧತಿ ಸರ್ಕಾರಿ ಕಚೇರಿಗಿಂತ ಮುಂಚೆ ಅಲ್ಲೇ ಇತ್ತು ಅಂತಾಯಿತು. ಆದರೆ ಆ ದೊಡ್ಡ ಬುದ್ಧಿವಂತರ ಲೆಕ್ಕದಲ್ಲಿ ಮಲೆನಾಡು ಬಂದಿರಲಿಲ್ಲ. ನಮ್ಮೂರಿನ ವೋಲ್ಟೇಜು ಸಂಜೆ ಆರರ ಮೇಲೆ ನೆಲ ಹಿಡಿಯುತ್ತಿತ್ತು. ಅರವತ್ತು ಕ್ಯಾಂಡಲಿನ ಬಲ್ಬು ಗೋಟಡಿಕೆಯ ಹಾಗೆ ಕೆಂಪಗೆ ಕೂತಿರುತ್ತಿತ್ತು. ವೋಲ್ಟೇಜ್ ಇಳಿದರೆ ಆ ತಂತಿಯ ಆಯುಷ್ಯ ಎಷ್ಟೋ ಪಟ್ಟು ಏರುತ್ತದೆ. ಹಾಗಾಗಿ ನಮ್ಮ ಜಗುಲಿಯ ಬಲ್ಬು ನನ್ನ ಮೂರನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೂ ಉರಿಯಿತು. ಓದಲು ಬೆಳಕು ಸಾಲದೆ ಗಣಿತದಲ್ಲಿ ನಲವತ್ತೊಂದು ಬಂತು, ಅದು ಬಿಡಿ. ಜಿನೀವಾದವರನ್ನು ಮಣಿಸಿದ್ದು ನಮ್ಮ ಲೋ ವೋಲ್ಟೇಜು.

ಅಂದ ಹಾಗೆ ಆ ಕರೆಂಟು ಹುಟ್ಟುತ್ತಿದ್ದದ್ದು ನಮ್ಮ ಪಕ್ಕದಲ್ಲೇ. ಜೋಗದ ಕೆಳಗಿನ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ. ಅದಕ್ಕೆ ನೀರು ನಿಲ್ಲಿಸಲು ಕಟ್ಟಿದ ಹಿರೇಭಾಸ್ಕರ ಅಣೆಕಟ್ಟನ್ನು ಆಮೇಲೆ ಲಿಂಗನಮಕ್ಕಿಯ ಹಿನ್ನೀರು ನುಂಗಿತು. ಒಂದು ಅಣೆಕಟ್ಟನ್ನೇ ಅಪ್‌ಗ್ರೇಡ್ ಮಾಡಿದ ಊರು ನಮ್ಮದು, ಫೋನ್ ಏನು ಮಹಾ. ನೀರು ತೀರಾ ಇಳಿದ ಬೇಸಿಗೆಯಲ್ಲಿ ಹಳೆಯದು ಮೇಲೆ ಕಾಣಿಸಿಕೊಳ್ಳುತ್ತದೆ. ಹೋಗಿ ನೋಡಿ. ದಶಕಗಳಿಂದ ನೀರೊಳಗಿದ್ದರೂ ನಿಂತಿದೆ. ಜನ ಅದರ ಮುಂದೆ ನಿಂತು ಹೊಸ ಫೋನಿನಲ್ಲಿ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದನ್ನು ಕಳಿಸಬೇಕಾದರೆ ಮಾತ್ರ ಸಿಗ್ನಲ್ ಹುಡುಕಿಕೊಂಡು ಹೊರಡಬೇಕು.

ದೊಡ್ಡ ದೇಶದವರು ಇಂಥದ್ದಕ್ಕೆ ಜಗಳ ಮಾಡುತ್ತಾರೆ. ಬ್ಯಾಟರಿ ಹಳೆಯದಾದ ಐಫೋನುಗಳನ್ನು ಸಾಫ್ಟ್‌ವೇರ್ ಹಾಕಿ ನಿಧಾನ ಮಾಡಿದ್ದು ಹೌದು ಅಂತ 2017ರ ಡಿಸೆಂಬರಿನಲ್ಲಿ ಆ್ಯಪಲ್ ಒಪ್ಪಿಕೊಂಡಿತು. ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲ ಅಂತ 2020ರಲ್ಲಿ ಫ್ರಾನ್ಸ್ ಎರಡೂವರೆ ಕೋಟಿ ಯೂರೋ ದಂಡ ಹಾಕಿತು. ನಮ್ಮಲ್ಲೂ 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿಯ ಹಕ್ಕಿಗೆ ಅಂತಲೇ ಒಂದು ವೆಬ್‌ಸೈಟ್ ಮಾಡಿದೆ. ಒಳ್ಳೆಯ ಕೆಲಸ, ಸುಳ್ಳು ಹೇಳಬಾರದು. ದುರ್ಗಿಗುಡಿಯ ಯಜಮಾನರಿಗೆ ಹೇಳಿದೆ. "ಅದ್ರಲ್ಲಿ ಬೋರ್ಡ್ ಸಿಗ್ತದಾ?" ಎಂದು ಕೇಳಿದರು.

ಇಷ್ಟೂ ಹೊತ್ತು ತಮಾಷೆ ಮಾಡಿದೆ. ತಮಾಷೆಯಾಗಿ ಕಾಣದ ಒಂದು ವಿಷಯ ಇದೆ.

ಅಮ್ಮನಿಗೆ ಅಪ್ಪನ ಪಿಂಚಣಿ ಬರುತ್ತದೆ. ವರ್ಷಕ್ಕೊಂದು ಸಲ ಆಕೆ ಬದುಕಿದ್ದಾಳೆ ಅಂತ ತೋರಿಸಬೇಕು. ಈಗ ಫೋನಿನಲ್ಲೇ ಮುಖ ತೋರಿಸಿದರೆ ಆಯಿತು, ತುಂಬಾ ಸುಲಭ ಎಂದರು. ನನ್ನ ಫೋನಿನಲ್ಲಿ ಆ ಆ್ಯಪ್ ಕೂರುವುದಿಲ್ಲ. ಕಚೇರಿಗೆ ಹೋದರೆ ಕಿಟಕಿಯ ಹುಡುಗಿ ತಲೆ ಎತ್ತದೆ "ಬೇರೆ ಫೋನಲ್ಲಿ ಮಾಡ್ಸಿ" ಎಂದಳು. ಎಂಬತ್ತೊಂದು ವರ್ಷದ ಅಮ್ಮ ಬಸ್ಸಿನಲ್ಲಿ ಮೂವತ್ತೈದು ಕಿಲೋಮೀಟರ್ ಬಂದು ಅವಳ ಎದುರಿಗೇ ನಿಂತಿದ್ದಾಳೆ. ಉಸಿರಾಡುತ್ತಿದ್ದಾಳೆ. ಕೆಮ್ಮುತ್ತಲೂ ಇದ್ದಾಳೆ. ಅದು ಲೆಕ್ಕಕ್ಕಿಲ್ಲ. ಕೊನೆಗೆ ಹೊರಗಿನ ಜೆರಾಕ್ಸ್ ಅಂಗಡಿಯ ಹುಡುಗ ತನ್ನ ಫೋನಿನಲ್ಲಿ ಅಮ್ಮನ ಮುಖ ಹಿಡಿದ. "ಕಣ್ಣು ಮಿಟುಕಿಸಿ ಅಜ್ಜಿ" ಎಂದ. ಪೊರೆ ಬಂದ ಕಣ್ಣು. ನಾಲ್ಕು ಸಲ ಮಿಟುಕಿಸಿದಳು. ಐದನೇ ಸಲಕ್ಕೆ ಆಕೆ ಬದುಕಿದ್ದಾಳೆ ಅಂತಾಯಿತು.

ಇದನ್ನು ಯಾರು ಕೂತು ಯೋಚಿಸಿದರೋ ಅವರಿಗೆ ತಾಯಿ ಇಲ್ಲವೋ, ಅಥವಾ ಆ ತಾಯಿಗೆ ಹೊಸ ಫೋನ್ ಇದೆಯೋ ನನಗೆ ಗೊತ್ತಿಲ್ಲ. ನನಗೆ ಸಾಕಾಗಿದೆ. ಹೊಸ ಫೋನು ತಗೊಳ್ಳಲು ದುಡ್ಡಿಲ್ಲ ಅಂತಲ್ಲ, ಅಡಿಕೆಗೆ ರೇಟು ಚೆನ್ನಾಗಿಯೇ ಇದೆ. ನಡೆಯುತ್ತಿರುವ ವಸ್ತುವನ್ನು ಇನ್ಯಾರೋ ಎಲ್ಲೋ ಕೂತು ನಿಲ್ಲಿಸುತ್ತಾರೆ, ನಾವು ದುಡ್ಡು ಹಿಡಿದುಕೊಂಡು ಸಾಲಿನಲ್ಲಿ ನಿಲ್ಲಬೇಕು, ಜೊತೆಗೆ 'ಕಾಲಕ್ಕೆ ತಕ್ಕಂತೆ ಬದಲಾಗ್ರೀ' ಅಂತ ಬೈಸಿಕೊಳ್ಳಬೇಕು. ಬೈಸಿಕೊಳ್ಳುವುದು ಬೇಡವಾಗಿತ್ತು.

ಮಿಕ್ಸಿಯ ಮಾತು ಅರ್ಧಕ್ಕೆ ಬಿಟ್ಟೆ. ಕಾರ್ಬನ್, ಕಪ್ಲರ್, ಕೂಲಿ ಸೇರಿ ನೂರಾ ಎಂಬತ್ತು ರೂಪಾಯಿ. ಗೋಡೆಯ ಮೇಲೆ ಕ್ಯೂಆರ್ ಕೋಡ್ ಇತ್ತು. ಅಭ್ಯಾಸ ನೋಡಿ, ಫೋನ್ ಎತ್ತಿ ಹಿಡಿದೆ. ಆ್ಯಪು ಮತ್ತೆ ಅದೇ ಮಂತ್ರ ಹೇಳಿತು, ಬೆಂಬಲ ಇಲ್ಲ. ಜೇಬಿನಲ್ಲಿ ಬಸ್ಸಿನ ಚಾರ್ಜಿಗೆ ಆಗುವಷ್ಟೇ ಇತ್ತು.

"ಮುಂದಿನ ಸಲ ಬಂದಾಗ ಕೊಡಿ ಬಿಡಿ" ಎಂದು ಯಜಮಾನರು ಒಂದು ಉದ್ದನೆಯ ಪುಸ್ತಕ ತೆಗೆದು ಬರೆದುಕೊಂಡರು. ಹೆಸರು ಕೇಳಲಿಲ್ಲ. ಬಗ್ಗಿ ನೋಡಿದೆ. 'ಹಳೇ ಮಿಕ್ಸಿಯವರು, 180' ಎಂದಿತ್ತು.

ಇನ್ನೂ ಕೊಟ್ಟಿಲ್ಲ. ಮಳೆ ಹೊಳವಾದರೆ ಗುರುವಾರ ಪೇಟೆಗೆ ಹೋಗಬೇಕು.